ಐಸಿನ ಬೋರೆ ಮೇಲೆ ಮದ್ದೂರಿನ ಮಾನ

ಪೈಪು, ಪಂಪ್‌ಸೆಟ್ಟು ಮಾರುವವನಿಗೆ ಮಾನ ಕಳೆದುಕೊಳ್ಳುವ ಸಂದರ್ಭಗಳು ಅಂಗಡಿಯಲ್ಲೇ ಧಾರಾಳವಾಗಿ ಸಿಗುತ್ತವೆ. ಅದಕ್ಕಾಗಿ ನಾರ್ವೆಯವರೆಗೆ ಹೋಗಬೇಕಾಗಿಲ್ಲ. ನಾನು ಹೋದೆ.

ಮದ್ದೂರಿನ ಪೇಟೆ ಬೀದಿಯಲ್ಲಿ ನನ್ನ ಅಂಗಡಿ. ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಪೈಪಿನ ಕಂಪನಿಯವರು ಫಾರಿನ್ ಟೂರಿಗೆ ಕಳಿಸುವುದು ವಾಡಿಕೆ. ಬ್ಯಾಂಕಾಕು, ದುಬೈ, ತಿಂದುಂಡು ಫೋಟೋ ತೆಗೆಸಿಕೊಂಡು ಬರುವುದು. ಈ ಸಲ ಹೊಸದಾಗಿ ಬಂದ ಮ್ಯಾನೇಜರಿಗೆ ಸಾಹಸದ ಹುಚ್ಚು. ನಾರ್ವೆಯಲ್ಲಿ ಬೆಟ್ಟದ ನೆತ್ತಿಯ ಮೇಲೆ ತಾಲ್ಲೂಕಿನಗಲ ಹಾಸಿಕೊಂಡಿರುವ ಮಂಜುಗಡ್ಡೆಯನ್ನು, ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ದಾಟುವುದಂತೆ. ಸಾಮಾನನ್ನು ಜಾರುಗಾಡಿಗೆ ತುಂಬಿ, ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಾವೇ ಎಳೆಯಬೇಕು. ಮಲಗುವುದು ಡೇರೆಯಲ್ಲಿ. ನಮ್ಮ ಜಿಲ್ಲೆಯಿಂದ ಮೂವರು: ನಾನು, ಮಳವಳ್ಳಿಯ ಡೀಲರು, ಮಂಡ್ಯದ ಡೀಲರು.

ನನಗೆ ಅರವತ್ತರ ಹತ್ತಿರ. ಬರುವುದಿಲ್ಲ ಅಂತ ಹೇಳುವವನಿದ್ದೆ. ಅಷ್ಟರಲ್ಲಿ ನಮ್ಮ ವರ್ತಕರ ಸಂಘದವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು: "ಹಿಮನದಿ ದಾಟಿ ಬಂದ ಮದ್ದೂರಿನ ಹುಲಿಗೆ ಸ್ವಾಗತ." ಇನ್ನೂ ಹೋಗೇ ಇಲ್ಲವಲ್ಲ ಅಂದೆ. ಸಂಘದ ಅಧ್ಯಕ್ಷರೂ ವ್ಯಾಪಾರಸ್ಥರೇ.

"ಓಗುವಾಗ ಒಂದು, ಬರುವಾಗ ಒಂದು ಯಾಕಣ್ಣ? ಒಂದ್ರಲ್ಲೇ ಮುಗ್ಸುಬುಡವ. ಬಲಗಡೆ ಜಾಗ ಬುಟ್ಟಿವ್ನಿ. ಐಸಲ್ಲಿ ನಿಂತಿರೋ ಫೋಟೋ ಕಳ್ಸು, ಅಂಟುಸ್ತೀವಿ."

ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಗಲ್ಲಾದಲ್ಲಿ ಕೂತರೆ ಆ ಖಾಲಿ ಬಿಳಿ ಚೌಕ ನನ್ನನ್ನೇ ನೋಡುತ್ತಿತ್ತು. ಇನ್ನು ನಾನು ಆ ಗಡ್ಡೆಯನ್ನು ದಾಟಲೇಬೇಕು, ಆಚೆ ದಡದಲ್ಲಿ ನನ್ನ ಕಾಲ ಮೇಲೆ ನಿಂತು ಫೋಟೋ ತೆಗೆಸಲೇಬೇಕು. ಇಲ್ಲದಿದ್ದರೆ ಪೇಟೆ ಬೀದಿಯಲ್ಲಿ ತಲೆ ಎತ್ತುವಂತಿಲ್ಲ.

ಪೈಪಿನ ಪರೀಕ್ಷೆ

ಹೊರಡುವ ಮೊದಲು ಅಭ್ಯಾಸ ಮಾಡಿಕೊಳ್ಳಿ ಎಂದು ಕಂಪನಿ ಹೇಳಿತ್ತು. ಮದ್ದೂರಿನಲ್ಲಿ ಹಿಮ ಎಲ್ಲಿಂದ ತರುವುದು? ಮಳವಳ್ಳಿಯವನು ಉಪಾಯ ತೆಗೆದ. ದಪ್ಪನೆಯ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ತುದಿಯನ್ನು ಬಿಸಿ ಮಾಡಿ ಮೇಲಕ್ಕೆ ಬಗ್ಗಿಸಿ, ಬೂಟಿಗೆ ಬಿಗಿದುಕೊಂಡೆವು. ಬೆಸಗರಹಳ್ಳಿ ಕಡೆಯ ನಾಲೆ ಏರಿಯ ಇಳಿಜಾರಿಗೆ ಕಬ್ಬಿನ ಒಣ ಸೋಗೆ ಹರಡಿದೆವು.

ಸೋಗೆ ಮೇಲೆ ಪೈಪು ಜಾರುವಷ್ಟು ಐಸಿನ ಮೇಲೆ ಸ್ಕೀ ಜಾರುವುದಿಲ್ಲ. ಎರಡನ್ನೂ ಕಂಡವನಾಗಿ ಹೇಳುತ್ತಿದ್ದೇನೆ. ಏರಿಯಿಂದ ಹೊರಟವನು ಕೆಳಗಿನ ಭತ್ತದ ಗದ್ದೆಯ ಕೆಸರಿನಲ್ಲಿ ಕೂತಿದ್ದೆ. ಒಂದು ಕಾಲಿನ ಪೈಪು ಮುರಿದಿತ್ತು.

ಗದ್ದೆಯ ಯಜಮಾನರು ಬದುವಿನ ಮೇಲೆ ಬಂದು ನಿಂತರು. ನನ್ನ ಹಳೇ ಗಿರಾಕಿ. ಮುಂದಿನ ವಾರ ತೋಟಕ್ಕೆ ಪೈಪು ತಗೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದವರು. ಇದೇನ್ ಸಾವ್ಕಾರ್ರೇ ಅಂದರು. ನಾಚಿಕೆಗೆ ಬಾಯಿಗೆ ಬಂದದ್ದು ಹೇಳಿದೆ, ಪೈಪು ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡ್ತಾ ಇದ್ದೀವಿ ಅಂತ.

ಅವರು ಮುರಿದ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಳ್ಳೇದಾಯ್ತು ಬುಡಿ, ಮೊದ್ಲೇ ಗೊತ್ತಾಯ್ತು. ನಮ್ಗೆ ಬ್ಯಾರೆ ಕಂಪ್ನಿದು ಕೊಡಿ."

ಗೈಡಮ್ಮನ ಜೊತೆ ಚೌಕಾಸಿ

ನಾರ್ವೆಯಲ್ಲಿ ನಮಗೆ ಸಿಕ್ಕ ಗೈಡು ಎತ್ತರದ ಒಬ್ಬ ಹೆಣ್ಣುಮಗಳು. ಮೊದಲ ದಿನವೇ ನಾವು ಗೈಡಮ್ಮ ಅಂತ ಹೆಸರಿಟ್ಟೆವು. ಇಂಗ್ಲಿಷಿನ ಜವಾಬ್ದಾರಿ ಮಂಡ್ಯದವರದು.

ಬೆಳಗ್ಗೆ ಗೈಡಮ್ಮ ಇವತ್ತು ಹನ್ನೆರಡು ಕಿಲೋಮೀಟರ್ ಅಂದಳು. ನಾನು ಜನ್ಮದಲ್ಲಿ ಯಾರೂ ಮೊದಲು ಹೇಳಿದ್ದಕ್ಕೆ ಒಪ್ಪಿದವನಲ್ಲ. ಏಳು ಮಾಡ್ಕೊಳ್ಳಿ ಅನ್ನಿ ಅಂತ ಮಂಡ್ಯದವರಿಗೆ ಹೇಳಿದೆ. ಅವರು ಸಂಕೋಚದಿಂದಲೇ ಹೇಳಿದರು. ಅವಳು ಮಾತಾಡಲಿಲ್ಲ. ಮಾತಾಡದ ಗಿರಾಕಿ ಕಂಡರೆ ಯಾವ ವ್ಯಾಪಾರಿಗೂ ಭಯ. ಹೋಗಲಿ, ಎಂಟಕ್ಕೆ ಬಂದೆ. ಆಗಲೂ ಮೌನ. ನಾನು ಕೈಕಟ್ಟಿ ನಿಂತೆ. ಇಷ್ಟು ಹೊತ್ತು ನಿಂತರೆ ಪೇಟೆ ಬೀದಿಯಲ್ಲಿ ಎದುರಿನವನು ಇಳಿಯಲೇಬೇಕು.

ಕೊನೆಗೆ ಅವಳು ತಲೆಯಾಡಿಸಿ ಏನೋ ಹೇಳಿ ಹೊರಟೇಬಿಟ್ಟಳು. ಗೆದ್ದೆ ಅಂದುಕೊಂಡೆ. ಏನಂದ್ಲು ಅಂತ ಕೇಳಿದೆ.

ಮಂಡ್ಯದವರು ನೆಲ ನೋಡುತ್ತ ಹೇಳಿದರು, "ಧಾರಾಳವಾಗಿ ಎಂಟಕ್ಕೇ ನಿಂತ್ಕೊಳ್ಳಲಿ ಅಂದ್ಲು ಕಣಣ್ಣ. ಡೇರೆ ಮಾತ್ರ ಹನ್ನೆರಡ್ರಲ್ಲಿ ಇರ್ತದಂತೆ."

ಹಗ್ಗದ ಸಾಲು

ಆ ಗಡ್ಡೆಯಲ್ಲಿ ಅಲ್ಲಲ್ಲಿ ಬಾವಿಯಂಥ ಬಿರುಕುಗಳಿವೆ. ಮೇಲೆ ಹಿಮ ಮುಚ್ಚಿರುತ್ತದೆ, ಕಾಣುವುದಿಲ್ಲ. ಅದಕ್ಕೇ ಗೈಡಮ್ಮ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ಒಬ್ಬರಿಂದ ಒಬ್ಬರು ದೂರ ಇರಿ, ಹಗ್ಗ ಬಿಗಿಯಾಗಿರಲಿ, ಒಬ್ಬರು ಬಿದ್ದರೆ ಉಳಿದವರು ಹಿಡಿಯಬೇಕು ಎಂದಳು. ನಾವು ತಲೆಯಾಡಿಸಿದೆವು. ಹೊರಟ ಸ್ವಲ್ಪ ಹೊತ್ತಿಗೆ ಮೂವರೂ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಹೋಗುತ್ತಿದ್ದೆವು. ಹಗ್ಗ ಕಾಲಡಿ ಬಿದ್ದಿತ್ತು. ಅವಳು ಬಿಡಿಸಿ ದೂರ ನಿಲ್ಲಿಸುತ್ತಾಳೆ. ತಿರುಗುವಷ್ಟರಲ್ಲಿ ಮತ್ತೆ ಅಂಟಿಕೊಂಡಿದ್ದೇವೆ. ಬೇಕಂತ ಅಲ್ಲ. ಕಿಕ್ಕಿರಿದ ಭಾರತೀನಗರದ ಬಸ್ಸು ಹತ್ತಿ ಬೆಳೆದ ಮೈ, ಮುಂದಿನವನ ಬೆನ್ನು ಸಿಗದಿದ್ದರೆ ಅದಕ್ಕೆ ಸಮಾಧಾನವಿಲ್ಲ.

ಕೊನೆಗೆ ಗೈಡಮ್ಮ ಸ್ಕೀ ಬಿಚ್ಚಿಟ್ಟು ಬಂದು, ನಿಮಗೇನು ಕಷ್ಟ ಅಂತ ವಿನಯವಾಗಿಯೇ ಕೇಳಿದಳು. ಮಳವಳ್ಳಿಯವನು ಮಂಡ್ಯದವರ ಕೈಲಿ ಕಾರಣ ಹೇಳಿಸಿದ. ಜಾಗ ಬಿಟ್ಟರೆ ಮಧ್ಯಕ್ಕೆ ಯಾರಾದರೂ ನುಗ್ಗುತ್ತಾರೆ.

ಅವಳು ಸುತ್ತ ನೋಡಿದಳು. ಕಣ್ಣು ಹಾಯುವವರೆಗೂ ಬೆಳ್ಳಗಿತ್ತು, ಒಂದು ಕಾಗೆಯೂ ಇರಲಿಲ್ಲ. ಯಾರು, ಅಂತ ಕೇಳಿದಳು.

ಹಾರ ಯಾರಿಗೆ

ಕೊನೆಯ ದಿನ ಆಚೆಯ ಅಂಚು ಕಾಣುತ್ತಿತ್ತು. ಅಷ್ಟು ದಿನ ಎದ್ದೂ ಬಿದ್ದೂ ಬಂದಿದ್ದೆ, ಸಂಜೆಗೆ ಫೋಟೋ. ತಲೆ ಬಾಚಿಕೊಳ್ಳೋಣ ಅಂತ ಟೋಪಿ ತೆಗೆದು, ನಿಂತಲ್ಲೇ ಜೇಬಿಗೆ ಕೈ ಹಾಕಿದೆ. ನಿಂತದ್ದು ಇಳಿಜಾರಿನಲ್ಲಿ. ಸ್ಕೀ ತನ್ನ ಪಾಡಿಗೆ ತಾನು ಹೊರಟಿತು. ಒಂದು ಕಾಲು ಮದ್ದೂರ ಕಡೆ, ಒಂದು ಮಳವಳ್ಳಿ ಕಡೆ. ಮಂಡಿ ತಿರುಚಿಕೊಂಡು ಬಿದ್ದೆ.

ಗೈಡಮ್ಮ ಮುಟ್ಟಿ ನೋಡಿ, ಮೂಳೆ ಸರಿಯಿದೆ, ಆದರೆ ನಡೆಯುವ ಹಾಗಿಲ್ಲ ಅಂದಳು. ನನ್ನ ಸಾಮಾನನ್ನೂ ತನ್ನದನ್ನೂ ಮಳವಳ್ಳಿ, ಮಂಡ್ಯದವರ ಗಾಡಿಗೆ ಹಾಕಿಸಿ, ಖಾಲಿ ಗಾಡಿಯಲ್ಲಿ ನನ್ನನ್ನು ಕೂರಿಸಿ, ಬೀಳದ ಹಾಗೆ ಪಟ್ಟಿ ಬಿಗಿದಳು. ಹಳದಿ ಟಾರ್ಪಾಲು ಹೊದಿಸಿ ತನ್ನ ಸೊಂಟಕ್ಕೆ ಕಟ್ಟಿ ಎಳೆದಳು. ಮಗಳ ವಯಸ್ಸಿನವಳು. ನಾನು ತೂಗುವುದು ಕಡಿಮೆಯೇನಲ್ಲ. ಅವಳ ಉಸಿರು ಕೇಳುತ್ತಿದ್ದರೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಮಳವಳ್ಳಿಯವನ ಮೊಬೈಲು ಮೇಲೆದ್ದಿತು.

"ತೆಗೀಬ್ಯಾಡ ಕಣ್ಲಾ," ಅಂದೆ.

"ನಾನು ಬೆಟ್ಟ ತೆಗೀತಾ ಇವ್ನಿ ಕಣಣ್ಣ. ನೀನೇ ಅಡ್ಡ ಬತ್ತಿದ್ದೀಯೆ."

ಆಚೆ ದಡದಲ್ಲಿ ನಿಲ್ಲಲು ನೋಡಿದೆ, ಆಗಲಿಲ್ಲ. ಆ ಬೆಟ್ಟದ ಫೋಟೋ ಹೋಟೆಲಿನ ನೆಟ್‌ವರ್ಕ್ ಸಿಕ್ಕ ತಕ್ಷಣ ಮದ್ದೂರು ಸೇರಿತು.

ಮದ್ದೂರಿಗೆ ಬಂದು ಕಾರಿನಿಂದಿಳಿದು ನೋಡಿದರೆ ಸರ್ಕಲ್ಲಿನ ಖಾಲಿ ಚೌಕ ತುಂಬಿತ್ತು. ಹಳದಿ ಹೊದ್ದು ಕೂತ ನಾನು, ಮುಂದೆ ಬಗ್ಗಿ ಎಳೆಯುತ್ತಿರುವ ಗೈಡಮ್ಮ. ಕೆಳಗೆ ಹೊಸ ಸಾಲು: "ವಿದೇಶಿ ಅಭಿಮಾನಿಯಿಂದ ಹಿಮರಥದಲ್ಲಿ ಮೆರವಣಿಗೆ." ನಾನು ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, ಅದು ಮೆರವಣಿಗೆಯಲ್ಲ, ಕಾಲು ಹೋಗಿತ್ತು, ಸಾಮಾನಿನ ಹಾಗೆ ಎಳಕೊಂಡು ಬಂದಳು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನನ್ನ ಬೆನ್ನು ಸವರಿದರು.

"ದೊಡ್ಡೋರು ಯಾವತ್ತೂ ಇಂಗೇ ಅನ್ನೋದು ಕಣಣ್ಣ. ಗಾಡಿ ಮ್ಯಾಕೆ ಅತ್ತು."

ಸಿಂಗರಿಸಿದ ಎತ್ತಿನ ಗಾಡಿ ನಿಂತಿತ್ತು. ನಡೆದು ಹೋಗುತ್ತೇನೆ ಅನ್ನೋಣವೆಂದರೆ ಮಂಡಿ ಇನ್ನೂ ಮಡಿಸಲು ಬರುತ್ತಿರಲಿಲ್ಲ. ಹತ್ತಿಸಿದರು. ತಮಟೆಯವರು ಮುಂದೆ. ಪೇಟೆ ಬೀದಿಯ ಉದ್ದಕ್ಕೂ ಹಾರದೊಳಗೆ ಮುಖ ಹುದುಗಿಸಿ ಕೂತಿದ್ದೆ. ಬೆಸಗರಹಳ್ಳಿಯ ಆ ಗದ್ದೆ ಯಜಮಾನರು ಎದುರಂಗಡಿಯಲ್ಲಿ ಪೈಪು ಹೇರಿಸುತ್ತಿದ್ದವರು ನಿಂತು ಕೈಮುಗಿದರು.

ಮನೆ ಬಾಗಿಲಲ್ಲಿ ನನ್ನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಫೋಟೋ ಅವಳ ಮೊಬೈಲಿಗೂ ಬಂದಿತ್ತು.

"ಎಳೀತಿದ್ದ ಎಣ್ಮಗಳು ಯಾರು?"

ಗೈಡು ಅಂದೆ.

"ಐಸು ಪೂರ್ತಿ ನಡ್ಕಂಡು ದಾಟುದ್ದು?"

ಅವಳೇ, ಅಂದೆ. ತಮಟೆ ನಿಂತಿತ್ತು, ಎಲ್ಲರಿಗೂ ಕೇಳಿಸಿತು.

ಅವಳು ತಟ್ಟೆ ಹಿಡಿದು ಗಾಡಿಯ ಮುಂದಕ್ಕೆ ಹೋಗಿ, ಎರಡೂ ಎತ್ತಿನ ಹಣೆಗೆ ಕುಂಕುಮ ಇಟ್ಟು ನಿಧಾನವಾಗಿ ಬೆಳಗಿದಳು. "ಇರಿ, ಎಳ್ದೋರ್ಗೆ ಮೊದ್ಲು."

ಆರತಿ ನನ್ನ ಹತ್ತಿರ ಬರುವಷ್ಟರಲ್ಲಿ ಕರ್ಪೂರ ಆರಿತ್ತು.