ಶಾರ್ಕ್ ಇಲ್ಲದ ಊರಿನ ಹಳದಿ ಪಟ್ಟಿ

ಹಾಸ್ಕೆಲ್ ಪಾಸ್ ಪಟ್ಟಣದ ಸಮುದ್ರದಲ್ಲಿ ಶಾರ್ಕ್ ಇಲ್ಲ. ಇದು ಯಾರೋ ಕಟ್ಟೆ ಮೇಲೆ ಕೂತು ಹೇಳಿದ ಮಾತಲ್ಲ, ಪುರಸಭೆಯ ನಲವತ್ತೊಂದನೇ ಠರಾವು. ಹನ್ನೆರಡು ವರ್ಷದ ಹಿಂದೆ ಐದಕ್ಕೆ ಐದು ಮತ ಬಿದ್ದು ಪಾಸಾಯ್ತು, ಅವತ್ತಿಂದ ಇಲ್ಲ. ಅದಕ್ಕೆ ಮುಂಚೆ ಇದ್ವಾ ಅಂದ್ರೆ, ಇದ್ವು, ಬೇಕಾದಷ್ಟಿದ್ವು. ಆದ್ರೆ ಅವಕ್ಕೂ ಅನ್ಯಾಯ ಆಗಬಾರದು ಅಂತ ಠರಾವಿನ ಒಂದು ಪ್ರತೀನ ಜೆಟ್ಟಿಯ ಕೊನೇ ಕಂಬಕ್ಕೆ, ನೀರಿನ ಕಡೆ ಮುಖ ಮಾಡಿ, ಅಂಟಿಸಿ ತಿಳಿಸಲಾಗಿತ್ತು.

ಫ್ಲಾರಿಡಾದ ಆ ಕಡೆ ಮಿಕ್ಕ ಊರೋರೆಲ್ಲ ನೀರಲ್ಲಿ ಕಚ್ಚೋದೇನಾದ್ರೂ ಕಂಡ್ರೆ ನೇರಳೆ ಬಾವುಟ ಹಾರಿಸ್ತಾರೆ. ಇಲ್ಲಿ ಆ ಬಾವುಟಾನ ಮೇಯರ್ ಬೋ ಕಲ್ಪೆಪರ್ ಸಾಹೇಬ್ರ ಮೇಜಿಗೆ ಹೊದಿಸಿದ್ರು, ಒಳ್ಳೇ ಬಟ್ಟೆ, ಸುಮ್ನೆ ಹಾಳಾಗೋದು ಯಾಕೆ ಅಂತ. ಊರಲ್ಲಿರೋ ಮೂರೂ ಹೋಟೆಲು ಸಾಹೇಬ್ರವೇ. ಅಲ್ಲಿ ತಂಗಿದೋರ ಕೈಗೆ ಒಂದು ಹಳದಿ ಪಟ್ಟಿ ಕಟ್ತಾರೆ, ಪಟ್ಟಿ ಇದ್ದೋರು ಎಷ್ಟು ದೂರ ಬೇಕಾದ್ರೂ ಈಜಬಹುದು. ಊರಿನೋರು ಮಂಗಳವಾರ ಮಾತ್ರ, ಅದೂ ಮೊಣಕಾಲವರೆಗೆ. ಗಾಳದ ಪರವಾನಗಿ ಇದ್ರೆ ಯಾವ ದಿನ ಆದ್ರೂ ಸರಿ, ಸೊಂಟದವರೆಗೆ.

ಹೂಂ, ಪರವಾನಗಿ! ಶಾರ್ಕ್ ಹಿಡಿಯೋ ಪರವಾನಗೀನೂ ಅದೇ ಪುರಸಭೆ, ಅದೇ ಕಿಟಕೀಲಿ ಕೊಡ್ತಿತ್ತು. ಇಲ್ಲದ್ದನ್ನ ಹಿಡಿಯೋಕೆ ಪರವಾನಗಿ ಯಾಕ್ರೀ ಅಂತ ಒಬ್ಬ ಕೇಳಿದ್ನಂತೆ. ಗುಮಾಸ್ತ ಹಾರ್ಲನ್ ಗ್ಯಾಸ್ಕಿನ್ಸ್ ಕನ್ನಡಕ ಒರೆಸ್ಕೊಂಡು, "ಇರೋದನ್ನ ಹಿಡಿಯೋಕೆ ಎಲ್ಲಾ ಊರಲ್ಲೂ ಕೊಡ್ತಾರೆ ಸರ್. ಇಲ್ಲದ್ದಕ್ಕೆ ಶುಲ್ಕ ಸ್ವಲ್ಪ ಜಾಸ್ತಿ" ಅಂದ್ನಂತೆ.

ಈ ಪರವಾನಗೀನ ಒಂದು ವರ್ಷಾನೂ ತಪ್ಪಿಸದೆ ತಗೊಂಡೋಳು ಲೊರೀನ್ ಟ್ಯಾಟಮ್. ಅರವತ್ತೊಂದು ವಯಸ್ಸು, ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದ ಹೆಂಗಸು, ಹಿಂದೆ ತಿರುಗಿ ನೋಡದೇನೇ ನಲವತ್ತು ಮಕ್ಕಳ ಬಾಯಿ ಮುಚ್ಚಿಸ್ತಿದ್ಲು. ಅವಳಿಗೆ ಶಾರ್ಕ್ ಹುಚ್ಚು. ತಿನ್ನೋಕಲ್ಲ, ಕೊಲ್ಲೋಕಂತೂ ಅಲ್ಲವೇ ಅಲ್ಲ. ಹಿಡೀಬೇಕು, ಒಂದು ಸಲ ಕಣ್ತುಂಬ ನೋಡಬೇಕು, ಬಿಡಬೇಕು, ಅಷ್ಟೇ! ಅವಳ ಜೊತೆಗಾರ ಡೂಯಿ ಪ್ರೂಯಿಟ್ ಅರ್ಧ ತೊರಕೆ ಮೀನು ಸಿಕ್ಕಿಸಿದ ಗಾಳಾನ ಸಣ್ಣ ದೋಣೀಲಿಟ್ಕೊಂಡು ಎರಡನೇ ಮರಳುದಿಬ್ಬ ದಾಟಿ ಬೀಳಿಸಿ ಬರ್ತಿದ್ದ, ಇವಳು ಜೆಟ್ಟಿ ಮೇಲೆ ಕೋಲು ಹಿಡಿದು ಕೂರ್ತಿದ್ಲು. ಮೀನು ಸಿಕ್ಕಿದ್ರೆ ಜೆಟ್ಟಿ ಪಕ್ಕದ ಮರಳಿಗೆ ಎಳ್ಕೊಂಡು, ಕಿವಿರು ನೀರಲ್ಲೇ ಇರೋ ಹಾಗೆ ಹಿಡಿದು, ರೆಕ್ಕೆ ಬುಡಕ್ಕೆ ಅಂಕಿ ಇರೋ ಹಳದಿ ಪ್ಲಾಸ್ಟಿಕ್ ಬಿಲ್ಲೆ ಚುಚ್ಚಿ, ಗಾಳದ ಉಕ್ಕಿನ ತಂತೀನ ಕಟರಿಂದ ಕಟ್ ಅನ್ನಿಸಿ ಬಿಟ್ಟುಬಿಡೋದು. ಆಮೇಲೆ ಪುರಸಭೆಯ ಪುಸ್ತಕದಲ್ಲಿ "ಬೆಕ್ಕುಮೀನು, ಒಂದು" ಅಂತ ಬರೆಯೋದು. ಎಲ್ಲರೂ ಹಂಗೇ ಬರೆಯೋರು. ಹನ್ನೆರಡು ವರ್ಷದಲ್ಲಿ ಹಾಸ್ಕೆಲ್ ಪಾಸಿನ ಬೆಕ್ಕುಮೀನು ಎಂಟಡಿ, ಒಂಬತ್ತಡಿ ಬೆಳೆದುಬಿಡ್ತು, ಪುರಸಭೆ ಅದಕ್ಕೂ ಒಂದು ಫಲಕ ಹಾಕಿಸ್ತು.

ಇದೆಲ್ಲ ಸೂರ್ಯ ಹುಟ್ಟೋಕೆ ಮುಂಚೆ ಮುಗೀಬೇಕು, ಅತಿಥಿಗಳು ತಿಂಡಿಗೆ ಏಳೋದ್ರೊಳಗೆ. ಅವತ್ತು ಮಾತ್ರ ಡೂಯಿ ನಿದ್ದೆ ಹೊಡೆದುಬಿಟ್ಟ. ಬಂದಾಗ ಎಂಟೂವರೆ. ಅದೂ ಎಂಥಾ ದಿನ ಅಂತೀರಿ! ಶಾರ್ಕ್‌ರಹಿತ ಕಡಲ ದಿನಾಚರಣೆ, ಹನ್ನೆರಡನೇದು. ಮರಳ ಮೇಲೆ ಬ್ಯಾಂಡು, ಹುರಿದ ಸಿಗಡಿ, ಮುನ್ನೂರು ಜನ ಹಳದಿ ಪಟ್ಟಿಯೋರು, ನೇರಳೆ ಬಟ್ಟೆ ಹೊದಿಸಿದ ಮೇಜು.

"ಇವತ್ತು ಬೇಡ ಕಣೇ ಲೊರೀನ್" ಅಂದ ಡೂಯಿ.

"ನಿನ್ನ ನಿದ್ದೆಗೋಸ್ಕರ ಒಂದು ಉಬ್ಬರ ಹಾಳು ಮಾಡ್ಕೋಬೇಕಾ? ಹೋಗೋ, ದೋಣಿ ಹತ್ತು."

ಮೇಯರ್ ಸಾಹೇಬ್ರು ಧ್ವನಿವರ್ಧಕದಲ್ಲಿ, "ಇಲ್ಲಿ ನಿಮ್ಮ ಕಾಲಿನ ಹತ್ತು ಬೆರಳೂ ನಿಮ್ಮವೇ" ಅಂತ ಹೇಳ್ತಿದ್ದಾಗ, ಅವರ ಬೆನ್ನ ಹಿಂದೆ, ನೀರಲ್ಲಿ, ಕುಡುಗೋಲಿನ ಹಾಗಿರೋ ರೆಕ್ಕೆ ಎದ್ದಿತು. ಜನ ಚಪ್ಪಾಳೆ ನಿಲ್ಲಿಸಿದ್ರು. ಆಗ ಲೊರೀನ್ ಸೊಂಟಮಟ್ಟ ನೀರಲ್ಲಿ ಬಿಲ್ಲೆ ಚುಚ್ಚಿ ಮುಗಿಸಿದ್ಲು, ಡೂಯಿ ಬಾಲಕ್ಕೆ ಹಗ್ಗ ಹಾಕಿ ಹಿಡ್ಕೊಂಡಿದ್ದ. ಸುತ್ತಿಗೆ ತಲೆಯ ಶಾರ್ಕು, ಹತ್ತಡಿ! ಕಟರಿಗೆ ಕೈ ಹಾಕ್ಬೇಕು, ಅಷ್ಟರಲ್ಲಿ ಹಾರ್ಲನ್ ಪ್ಯಾಂಟು ಮಡಚ್ಕೊಂಡು, ಕಡತ ತಲೆ ಮೇಲಿಟ್ಕೊಂಡು ನೀರಿಗಿಳಿದು ಬಂದ.

"ಮಿಸ್ ಲೊರೀನ್, ಇದು ಏನು?"

"ಬೆಕ್ಕುಮೀನು."

"ಇದರ ತಲೆ?"

"ಬಾಗಿಲಿಗೆ ಗುದ್ದಿಕೊಂಡಿತ್ತು."

ಹಾರ್ಲನ್ ನಗಲಿಲ್ಲ. ಅವನು ಕೆಲಸದ ವೇಳೇಲಿ ನಗೋನಲ್ಲ. ಕಟರನ್ನ ಅವಳ ಸೊಂಟದಿಂದ ಕಿತ್ಕೊಂಡು, ಚೀಟಿ ಅಂಟಿಸಿ, ಜೇಬಿಗೆ ಹಾಕ್ಕೊಂಡ.

"ಇದನ್ನ ನೀವು ಬಿಡೋ ಹಾಗಿಲ್ಲ ಮೇಡಂ. ನಮ್ಮ ನೀರಲ್ಲಿ ಶಾರ್ಕ್ ಇಲ್ಲ. ಇಲ್ಲದ ನೀರಿಗೆ ಶಾರ್ಕ್ ತಂದು ಬಿಡೋದು ಠರಾವು ನಲವತ್ತೊಂದು, ಉಪನಿಯಮ ಮೂರರ ಪ್ರಕಾರ ಅಪರಾಧ. ಪರವಾನಗಿ ಆಜೀವ ರದ್ದು."

"ತಂದು ಬಿಡ್ತಿಲ್ಲಪ್ಪ! ಇದು ಇಲ್ಲೇ ಇತ್ತು!"

"ಇರಲಿಲ್ಲ" ಅಂದ ಹಾರ್ಲನ್, ತುಂಬಾ ಮರ್ಯಾದೆಯಿಂದ.

"ಹಾಗಾದ್ರೆ ದಡಕ್ಕೆ ಎಳೀತೀನಿ, ತಗೊಂಡ್ಹೋಗು ನಿನ್ನ ಆಫೀಸಿಗೆ."

"ರಾಜ್ಯದ ಕಾನೂನು. ಸುತ್ತಿಗೆ ತಲೆಯದನ್ನ ನೀರಿಂದ ಹೊರಗೆ ತೆಗೆಯೋ ಹಾಗಿಲ್ಲ. ಅದೂ ಅಪರಾಧ."

"ಬಿಡೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ಮತ್ತೇನ್ ಮಾಡ್ಲಿ?"

"ಹಿಡ್ಕೊಂಡಿರಿ" ಅಂದ. "ತುರ್ತು ಸಭೆ ಕರೀತೀವಿ."

ಲೊರೀನ್ ಮೀನಿನ ಕಿವಿರು ನೋಡಿದ್ಲು. ಬೇರೆ ಶಾರ್ಕ್ ಆದ್ರೆ ಒಂದು ಗಂಟೆ ಗುದ್ದಾಡಿ ನಿಮ್ಮನ್ನೇ ಬಯ್ಕೊಂಡು ಹೋಗುತ್ತೆ. ಸುತ್ತಿಗೆ ತಲೆಯದು ಹಾಗಲ್ಲ, ಅದು ಇರೋ ಶಕ್ತೀನೆಲ್ಲ ಒಂದೇ ಸಲ ಉರಿಸಿಬಿಡೋ ಜೀವ. ನಿಂತ ನೀರಲ್ಲಿ ಅರ್ಧ ಗಂಟೆ ಹಿಡಿದ್ರೆ ಮುಗೀತು. ಚಾಕುವಿಂದ ನೈಲಾನ್ ದಾರ ಕತ್ತರಿಸಬಹುದಿತ್ತು, ಆದ್ರೆ ಉಕ್ಕಿನ ತಂತಿ ಬಾಯಲ್ಲೇ ಉಳಿದು, ಬಂಡೆಗೆ ಸಿಕ್ಕಿ, ಸಾಯೋದು ಗ್ಯಾರಂಟಿ. ಕಟರ್ ಬೇಕು. ಕಟರ್ ಹಾರ್ಲನ್ ಜೇಬಲ್ಲಿ. ಹಾರ್ಲನ್ ಸಭೇಲಿ.

ಸಭೆ ಮರಳ ಮೇಲೇ ಸೇರಿತು. ಮೊದಲು ಹಾಜರಾತಿ. ಐದೂ ಸದಸ್ಯರು ಎದುರಿಗೇ ನಿಂತಿದ್ರೂ ಒಬ್ಬೊಬ್ಬರ ಹೆಸರು ಕೂಗಿ "ಇದ್ದೀನಿ" ಅನ್ನಿಸಿದ್ರು. ಆಮೇಲೆ ಎದೆ ಮೇಲೆ ಕೈಯಿಟ್ಟು ದೇಶದ ಬಾವುಟಕ್ಕೆ ಪ್ರತಿಜ್ಞೆ. ಆಮೇಲೆ ಹಿಂದಿನ ಸಭೆಯ ನಡಾವಳಿ ಓದಿದ್ರು, ಅದರಲ್ಲಿ ಒಂದು ಕಸದ ತೊಟ್ಟಿಯ ಬಣ್ಣದ ಬಗ್ಗೆ ತಿದ್ದುಪಡಿ ಬಂತು.

"ಬಾಲ ಬಡಿಯೋದು ಕಮ್ಮಿ ಆಗ್ತಿದೆ" ಅಂದ ಡೂಯಿ.

"ಗೊತ್ತು, ಮುಚ್ಕೊಂಡು ಹಿಡ್ಕೋ."

ಆಮೇಲೆ ಸಾರ್ವಜನಿಕರ ಅಭಿಪ್ರಾಯ, ತಲೆಗೆ ಮೂರು ನಿಮಿಷ. ಹದಿನಾಲ್ಕು ಜನ ಹೆಸರು ಕೊಟ್ರು! ಮೊದಲ್ನೇ ಆಸಾಮಿ ಶಾರ್ಕ್ ಇಲ್ಲ ಅಂದ. ಎರಡನೇ ಹೆಂಗಸು, ಶಾರ್ಕ್ ಇಲ್ಲ ನಿಜ, ಆದ್ರೆ ಅದು ತನ್ನ ಕಡೆ ನೋಡ್ತಿದೆ ಅಂದ್ಲು. ಮೂರನೆಯವನು ಪಾರ್ಕಿಂಗ್ ಬಗ್ಗೆ ಮಾತಾಡಿದ. ಲೊರೀನ್ ಮೀನಿನ ತಲೆ ಮುಂದಕ್ಕೆ ತಳ್ಳುತ್ತಾ, ಕಿವಿರಿಗೆ ನೀರು ಹಾಯಿಸುತ್ತಾ, ಬಾಲದ ಬಡಿತ ಎಣಿಸ್ತಿದ್ಲು. ಸುತ್ತಿಗೆಯ ತುದೀಲಿರೋ ಕಣ್ಣು, ದೊಡ್ಡ ಗುಂಡಿಯಷ್ಟು ದಪ್ಪ, ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಅದಕ್ಕೇನೂ ಅರ್ಥ ಆಗ್ತಿರಲಿಲ್ಲ, ಪಾಪ, ಅದು ಠರಾವು ಓದಿರಲಿಲ್ಲ.

ಆಗ ಅವಳು ಬಸ್ಸಿನ ದನಿ ತೆಗೆದ್ಲು. "ಹಾರ್ಲನ್! ನನ್ನ ಮೂರು ನಿಮಿಷ ಈಗ್ಲೇ ಕೊಡು!"

ಇಡೀ ಮರಳುದಂಡೆ ಬಾಯಿ ಮುಚ್ಚಿತು. ಬ್ಯಾಂಡಿನವನೊಬ್ಬ ತುತ್ತೂರಿ ಕೆಳಗಿಟ್ಟ.

"ನಮ್ಮೂರ ನೀರಲ್ಲಿ ಎಷ್ಟು ದೂರ ಬೇಕಾದ್ರೂ ಯಾರು ಹೋಗಬಹುದು?"

"ಹೋಟೆಲಿನ ಅತಿಥಿಗಳು. ನಿಯಮ ಏಳು."

"ಅತಿಥಿ ಅಂತ ಹೇಗೆ ಗೊತ್ತಾಗುತ್ತೆ?"

"ಪಟ್ಟಿಯಿಂದ. ಬಣ್ಣ ಹಳದಿ ಇರತಕ್ಕದ್ದು, ಅಂಕಿ ಇರತಕ್ಕದ್ದು, ಸುಲಭವಾಗಿ ತೆಗೆಯಲು ಬಾರದಂತಿರತಕ್ಕದ್ದು."

"ಬಾ, ಬಂದು ನೋಡು."

ಹಾರ್ಲನ್ ಮತ್ತೆ ಪ್ಯಾಂಟು ಮಡಚಿ ಬಂದ. ರೆಕ್ಕೆ ಬುಡಕ್ಕೆ ಬಗ್ಗಿ ನೋಡಿದ. ಬೆರಳಿಂದ ಬಿಲ್ಲೆ ಎಳೆದು ನೋಡಿದ. ಬರಲಿಲ್ಲ. ಕನ್ನಡಕ ಒರೆಸ್ಕೊಂಡ. ಆಮೇಲೆ ದಡದ ಕಡೆ ತಿರುಗಿ, "ಮೇಯರ್ ಸಾಹೇಬ್ರೇ, ಹಳದಿ ಇದೆ. ಅಂಕಿ ಇದೆ. ತೆಗೆಯೋಕೆ ಬರಲ್ಲ. ಮೂರೂ ಲಕ್ಷಣ ಸರಿಯಾಗಿದೆ" ಅಂತ ಕೂಗಿದ.

"ನಿಯಮದಲ್ಲಿ ಕೈಗೇ ಕಟ್ಟಬೇಕು ಅಂತ ಇದೆಯೇನ್ರೀ?"

"ಇಲ್ಲ ಸರ್. 'ಮೈಮೇಲೆ' ಅಂತಿದೆ."

ಸಾಹೇಬ್ರು ಯೋಚನೆ ಮಾಡಿದ್ರು. ಅವರು ಯೋಚನೆ ಮಾಡೋದು ದೂರದಿಂದ್ಲೇ ಕಾಣ್ತಿತ್ತು, ಕತ್ತು ಕೆಂಪಾಗೋದು. "ಕಡಲ ಕಡೆ ಮುಖ ಇರೋ ಕೋಣೆ ತಗೋತಾರಾ?" ಅಂದ್ರು.

"ಅದು ಬಿಟ್ಟು ಬೇರೆ ಒಪ್ಪಲ್ಲ ಸಾಹೇಬ್ರೇ" ಅಂದ್ಲು ಲೊರೀನ್.

"ಬಾಡಿಗೆ?"

"ಗಾಳದ ಪರವಾನಗಿ ಶುಲ್ಕಕ್ಕೆ ಸೇರಿಸ್ಕೊಳ್ಳಿ!"

ಐದಕ್ಕೆ ಐದು ಮತ. ತಕ್ಷಣ ಸಾಹೇಬ್ರ ದನೀನೇ ಬದಲಾಯ್ತು. "ರೀ ಮಿಸ್ ಲೊರೀನ್! ಏನ್ರೀ ಇದು! ನನ್ನ ಅತಿಥಿ ಬಾಯಿಗೆ ಗಾಳ ಹಾಕಿದ್ದೀರಲ್ರೀ! ಬಾಲಕ್ಕೆ ಹಗ್ಗ ಬೇರೆ! ಬಿಡ್ರೀ ಮೊದ್ಲು, ನಾಚಿಕೆ ಆಗಲ್ವಾ?"

ಹಾರ್ಲನ್ ಕಟರ್ ವಾಪಸ್ ಕೊಟ್ಟ, ರಸೀದಿಗೆ ಸಹಿ ಹಾಕಿಸ್ಕೊಂಡು. ಕಟ್! ಡೂಯಿ ಬಾಲದ ಹಗ್ಗ ಬಿಚ್ಚಿದ. ಲೊರೀನ್ ಮೀನಿನ ಜೊತೆ ನಾಲ್ಕು ಹೆಜ್ಜೆ ನಡೆದ್ಲು, ಐದು, ಹತ್ತು. ಬಾಲ ಸುಮ್ಮನಿತ್ತು. "ನಡಿಯೋ ಮರಿ" ಅಂದ್ಲು, ಯಾರಿಗೂ ಕೇಳದ ಹಾಗೆ. ಬಾಲ ಒಂದು ಸಲ ಹೊರಳಿತು. ಇನ್ನೊಂದು ಸಲ. ಆಮೇಲೆ ಅವಳ ಕೈಯಲ್ಲಿ ಬರೀ ನೀರಿತ್ತು. ಡೂಯಿ ಮೂಗು ಒರೆಸ್ಕೊಂಡು, ಉಪ್ಪುನೀರು ಹೋಯ್ತು ಅಂತ ಸುಳ್ಳು ಹೇಳಿದ.

ಮಾರನೇ ದಿನ ಕಂಬಕ್ಕೆ ಹೊಸ ಕಾಗದ ಬಿತ್ತು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಹಾಸ್ಕೆಲ್ ಪಾಸ್ ಪಟ್ಟಣದ ಸಮುದ್ರದಲ್ಲಿ ಎಂದಿನಂತೆ ಶಾರ್ಕ್ ಇರುವುದಿಲ್ಲ. ಹಳದಿ ಬಿಲ್ಲೆ ಹೊಂದಿರುವ ದೀರ್ಘಾವಧಿ ಅತಿಥಿಗಳು ಇರುತ್ತಾರೆ. ಸದರಿ ಅತಿಥಿಗಳನ್ನು ದಿಟ್ಟಿಸಿ ನೋಡುವುದು, ಅವರ ಹಲ್ಲುಗಳ ಬಗ್ಗೆ ಟೀಕಿಸುವುದು, ಅವರನ್ನು ಕಂಡು ಕಿರುಚುವುದು ನಿಷೇಧಿಸಲಾಗಿದೆ. ಗಾಳಕ್ಕೆ ಸಿಕ್ಕಿಸುವ ಮೀನನ್ನು ಇನ್ನು ಮುಂದೆ ಸ್ವಾಗತ ಉಪಾಹಾರ ಎಂದು ಕರೆಯತಕ್ಕದ್ದು."

ಲೊರೀನ್‌ಗೆ ಕೆಲಸ ಸಿಕ್ತು, ಸ್ವಾಗತಾಧಿಕಾರಿ, ಜೆಟ್ಟಿ ವಿಭಾಗ. ಎದೆಗೊಂದು ಹಿತ್ತಾಳೆ ಬಿಲ್ಲೆ. ಈಗ ಹಾಡುಹಗಲೇ ಗಾಳ ಹಾಕಬಹುದು, ಯಾಕಂದ್ರೆ ಹಿಡಿದು ಬಿಲ್ಲೆ ಚುಚ್ಚದೆ ಅತಿಥಿಗಳ ಹೆಸರು ಬರೆಯೋದಾದ್ರೂ ಹೇಗೆ? ಮೊದಮೊದಲು ಅವಳೂ ಡೂಯೀನೂ ಪುರಸಭೆಯವರನ್ನ ನೆನೆಸ್ಕೊಂಡು ಹೊಟ್ಟೆ ಹಿಡ್ಕೊಂಡು ನಗೋರು. ವರ್ಷದೊಳಗೆ ನೂರಾ ಎಂಟು ಅತಿಥಿಗಳು ದಾಖಲಾದ್ರು. ಸಾಹೇಬ್ರ ಮೂರೂ ಹೋಟೆಲಿನ ಬಾಗಿಲಿಗೆ "ಕೋಣೆ ಖಾಲಿ ಇಲ್ಲ" ಅಂತ ಬೋರ್ಡು ಬಿತ್ತು, ಕೋಣೆ ಸಿಗದ ಊರು ಅಂದ್ಮೇಲೆ ಜನ ಇನ್ನೂ ಮುಗಿಬಿದ್ದು ಬಂದ್ರು. ಒಹಾಯೋದಿಂದ ಬಂದ ಒಬ್ಬರ ತೇಲೋ ಹಲಗೇನ ಯಾರೋ ಅರ್ಧ ಕಚ್ಚಿಕೊಂಡು ಹೋದಾಗ, ಅವರ ದೂರಿಗೆ ಹಾರ್ಲನ್ ಅಚ್ಚುಕಟ್ಟಾಗಿ ಉತ್ತರ ಬರೆದ: "ಇದು ಇಬ್ಬರು ಅತಿಥಿಗಳ ನಡುವಿನ ವೈಮನಸ್ಯವಾಗಿದ್ದು, ಆಡಳಿತವು ಮಧ್ಯೆ ಪ್ರವೇಶಿಸುವುದಿಲ್ಲ." ಆ ಮನುಷ್ಯ ಉತ್ತರ ಓದಿ, ಹೌದಲ್ವಾ ಅಂತ, ಇನ್ನೆರಡು ದಿನ ಜಾಸ್ತಿ ಉಳಿದ.

ಹದಿಮೂರನೇ ದಿನಾಚರಣೆ ಬುಧವಾರ ಬಂತು. ಬ್ಯಾಂಡು, ಸಿಗಡಿ, ನೀರಲ್ಲಿ ಮುನ್ನೂರು ಜನ. ಲೊರೀನ್ ಗಾಳಕ್ಕೆ ಅದೇ ಸುತ್ತಿಗೆ ತಲೆ ಬಂತು, ಅದೇ ಬಿಲ್ಲೆ, ಅದೇ ಅಂಕಿ, ಮೈ ತುಂಬ್ಕೊಂಡಿತ್ತು. ಹಾರ್ಲನ್ ಪುಸ್ತಕ ನೋಡಿ, "ಮರಳಿ ಬಂದ ಅತಿಥಿ, ಮೊದಲ ದರ್ಜೆ" ಅಂತ ಬರೆದ. ಲೊರೀನ್ ತಂತಿ ಕತ್ತರಿಸಿದ್ಲು. ಮೀನು ಈಜೋರ ಮಧ್ಯೆ ಹಾದು ನಿಧಾನಕ್ಕೆ ಹೊರಟಿತು, ಜನ ಸರಿದು ದಾರಿ ಬಿಟ್ರು, ಒಬ್ಬಾಕೆ ತಲೆ ಬಾಗಿಸಿ ನಮಸ್ಕಾರಾನೂ ಮಾಡಿದ್ಲು.

ಆಗ ಹಾರ್ಲನ್ ಸೀಟಿ ಊದಿದ! ಇಡೀ ಸಮುದ್ರ ಬೆಚ್ಚಿ ನಿಂತಿತು. ಅವನ ಬೆರಳು ಡೂಯಿ ಕಡೆ ಇತ್ತು.

"ಡೂಯಿ ಪ್ರೂಯಿಟ್! ಬುಧವಾರ! ನಿನ್ನ ಪರವಾನಗಿ ಹೋದ ವಾರಾನೇ ಮುಗಿದಿದೆ, ಪಟ್ಟೀನೂ ಇಲ್ಲ, ಸೊಂಟದವರೆಗೆ ಇಳಿದಿದ್ದೀಯ! ಇಲ್ಲಿ ಜನರ ಸುರಕ್ಷತೆ ಅಂತ ಒಂದಿದೆ!"

ಡೂಯಿ ಲೊರೀನ್ ಮುಖ ನೋಡಿದ, ನಗ್ತಾಳೆ ಅಂತ. ಲೊರೀನ್ ನಗಲಿಲ್ಲ. ಎದೆ ಮೇಲಿನ ಹಿತ್ತಾಳೆ ಬಿಲ್ಲೇನ ತೋಳಿಂದ ಒರೆಸ್ಕೊಂಡು, ದೂರ ಹೋಗ್ತಿರೋ ರೆಕ್ಕೆ ಕಡೆ ತಿರುಗಿ, "ನಮ್ಮಲ್ಲಿ ತಂಗಿದ್ದಕ್ಕೆ ಧನ್ಯವಾದ, ಮತ್ತೆ ಬನ್ನಿ" ಅಂದ್ಲು. ಆಮೇಲೆ ಅವನಿಗೆ ಮೆಲ್ಲಗೆ ಹೇಳಿದ್ಲು:

"ಮೇಲೆ ಬಾರೋ. ಅತಿಥಿಗಳು ನೋಡ್ತಿದ್ದಾರೆ."