ಮಾಮಾನ ಖಾರವಿಲ್ಲದ ದೆವ್ವಗಳು

ನಮ್ಮ ಮಾಮಾನಷ್ಟು ದೆವ್ವಗಳ ಸಹವಾಸ ಮಾಡಿದವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಅಷ್ಟು ದೆವ್ವಗಳನ್ನು ಇಟ್ಟುಕೊಂಡೂ ಒಬ್ಬರನ್ನಾದರೂ ಹೆದರಿಸಲಾಗದ ಕಥೆಗಾರ ಮಾತ್ರ ಜಗತ್ತಿಗೆಲ್ಲ ಅವನೊಬ್ಬನೇ!

ಎಂಬತ್ತರ ದಶಕದ ಮಾತು. ನನ್ನ ಈ ಸೋದರಮಾವ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಬೆಳೆದದ್ದು ಅವನ ಮನೆಯಲ್ಲಿ. ಸುಗ್ಗಿಯಲ್ಲಿ ಬಯಲೆಲ್ಲ ಒಣಹಾಕಿದ ಮೆಣಸಿನಕಾಯಿಯಿಂದ ಕೆಂಪಾಗಿರುತ್ತಿತ್ತು. ತೂಕದ ಹೊತ್ತಿನಲ್ಲಿ ಮಾಮಾ ಆ ಕೆಂಪನ್ನೇ ನೋಡುತ್ತ ಮೈಮರೆಯುತ್ತಿದ್ದ. "ಅಣ್ಣಾರ, ತೂಕ ಬರಕೋರಿ" ಎಂದು ಹಮಾಲರು ಕೂಗಿದರೆ, "ತಡೀರೆಪಾ, ಆಕಿ ದಾಟಾಕತ್ತಾಳ" ಅನ್ನುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಪಾಪ, ಇಲ್ಲದವಳು ದಾಟಿ ಹೋಗುವ ತನಕ ಹಮಾಲರು ಚೀಲ ಹೊತ್ತೇ ನಿಲ್ಲುತ್ತಿದ್ದರು!

ಅವನ ಮೇಲೆ ಯಾವ ಸಾಹಿತ್ಯದ ಪ್ರಭಾವ ಎಂದು ಕೇಳುವಿರಾ? ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಗೂಡಂಗಡಿಯೊಂದಿತ್ತು. ಅಲ್ಲಿನ ದೆವ್ವದ ಕಾದಂಬರಿಗಳೇ ಅವನ ಗುರುಗಳು. ಅವು ಎಷ್ಟು ಕೈ ದಾಟಿ ಬಂದಿರುತ್ತಿದ್ದವೆಂದರೆ, ಒಂದಕ್ಕೂ ಕೊನೆಯ ಹಾಳೆ ಇರುತ್ತಿರಲಿಲ್ಲ. ಮಂತ್ರವಾದಿ ದೆವ್ವವನ್ನು ಸುಡುವುದು ಕೊನೆಯ ಹಾಳೆಯಲ್ಲಿ ತಾನೇ? ಹೀಗಾಗಿ ಮಂತ್ರವಾದಿಗಳು ಗೆದ್ದ ಸುದ್ದಿ ಮಾಮಾನಿಗೆ ಮುಟ್ಟಲೇ ಇಲ್ಲ. ದೆವ್ವಗಳೆಲ್ಲ ಎಲ್ಲೋ ಸುಖವಾಗಿವೆ ಎಂದೇ ಅವನು ನಂಬಿದ್ದ.

ಅವನು ಬರೆದ ಪಾತ್ರಗಳೂ ಹಾಗೆಯೇ. ಒಂದು ದೆವ್ವಕ್ಕೆ ನಾಯಿ ಕಂಡರೆ ಅಂಜಿಕೆ. ಇನ್ನೊಂದು, ಪೇಟೆಯ ಘಾಟಿಗೆ ಸೀನುತ್ತ ಊರ ಹೊರಗೇ ಕೂತಿರುತ್ತದೆ. ಮತ್ತೊಂದು ಕಥೆಯ ಮಂತ್ರವಾದಿಗೆ ಕತ್ತಲೆಂದರೆ ಆಗದು. ಅವನು ತಾನು ಓಡಿಸಬೇಕಾದ ದೆವ್ವವನ್ನೇ, "ಯವ್ವಾ, ಅಗಡಿ ಊರ ತನಕಾ ಜೋಡಿ ಬಾರವಾ" ಎಂದು ಬೇಡಿಕೊಳ್ಳುತ್ತಾನೆ. ಅದೂ ಸೆರಗು ಹೊದ್ದು ಹೊರಡುತ್ತದೆ. ದಾರಿಯುದ್ದಕ್ಕೂ ಇಬ್ಬರೂ ಮಳೆ, ಬೆಳೆ, ಮಕ್ಕಳ ಶೀತದ ಬಗ್ಗೆ ಮಾತಾಡುತ್ತಾರೆ. ಕಥೆ ಮುಗಿಯಿತು!

ಮಾಮಾನ ಜೀವಮಾನದ ಆಸೆ ಒಂದೇ: ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ತನ್ನ ಧಾರಾವಾಹಿ ಬರಬೇಕು. ಅಂಗಡಿಯಲ್ಲಿ ಕೂತೇ ಬರೆದು, ಅಲ್ಲೇ ಲಕೋಟೆಗೆ ತುಂಬಿ ಕಳಿಸುತ್ತಿದ್ದ. ಹಾಳೆಗಳ ಜೊತೆ ಮೆಣಸಿನಕಾಯಿಯ ಧೂಳೂ ತುಂಬುತ್ತಿದೆ ಎಂಬ ಎಚ್ಚರ ಆ ಮನುಷ್ಯನಿಗೆ ಎಲ್ಲಿಯದು? ಸಂಪಾದಕರ ಉತ್ತರ ಬಂತು: "ನಿಮ್ಮ ಕಥೆ ತೆರೆದು ಕಚೇರಿಯವರೆಲ್ಲ ಕಣ್ಣೀರು ಹಾಕಿದೆವು. ಕಾರಣ ಕಥೆಯಲ್ಲ." ಮಾಮಾ ಮೊದಲ ಸಾಲನ್ನು ಮಾತ್ರ ಓಣಿಗೆಲ್ಲ ಓದಿ ಹೇಳಿದ.

ಆ ಸಂಪಾದಕರೇ ಒಮ್ಮೆ ವರ್ಷದ ಖಾರಪುಡಿಗೆ ಕಾಯಿ ಕೊಳ್ಳಲು ಬ್ಯಾಡಗಿಗೆ ಬಂದವರು ನಮ್ಮ ಮನೆಗೂ ಬಂದರು. ಅತ್ತೆ ಸಡಗರದಿಂದ ಗಿರಮಿಟ್ಟು, ಚಹಾ ಕೊಟ್ಟಳು.

"ನಿಮ್ಮ ಕೈಯಾಗ ಕಸುಬು ಐತಿ," ಎಂದರು ಅವರು. "ಆದ್ರ ದೆವ್ವಕ್ಕ ಖಾರ ಇಲ್ಲ."

"ನಮ್ಮೂರ ದೆವ್ವರೀ. ನಮ್ಮ ಕಾಯಿ ಹಂಗ, ಬಣ್ಣ ಜಾಸ್ತಿ, ಖಾರ ಕಮ್ಮಿ."

ಸಂಪಾದಕರು ಮನಸಾರೆ ನಕ್ಕರು. "ಧಾರಾವಾಹಿ ಹಾಕೂಣು. ಒಂದs ಮಾತು. ಮೊದಲ ಕಂತಿನಾಗ ದೆವ್ವ ಒಂದು ಕೂಸಿನ ಕುತ್ತಿಗಿ ಹಿಡೀಬೇಕು. ಕಡೀಕ ಒಬ್ಬ ಗಟ್ಟಿ ಗಂಡಸು ಅದನ್ನ ಸುಡಬೇಕು. ಮುಂದಿನ ತಿಂಗಳs ಚಾಲೂ."

ಮಾಮಾ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದ. ಆಮೇಲೆ, "ಅದೊಂದು ಆಗೂದಿಲ್ರಿ" ಎಂದ.

ಸಂಪಾದಕರು ಕಾಯಿ ಕಟ್ಟಿಸಿಕೊಂಡು ಹೋದರು. ಧಾರಾವಾಹಿಯೂ ಅವರ ಹಿಂದೆಯೇ ಹೋಯಿತು. "ಒಂದು ಕುತ್ತಿಗಿ ಹಿಡಿಸಿದ್ರ ನಿಮ್ಮ ಗಂಟೇನ ಹೋಗತಿತ್ತು?" ಎಂದು ಅತ್ತೆ ಪಾತ್ರೆ ಕುಕ್ಕಿದಳು. ನನಗೂ ಸಿಟ್ಟು ಬಂದಿತ್ತು. ಪತ್ರಿಕೆಯಲ್ಲಿ ಮಾಮಾನ ಹೆಸರು ತೋರಿಸಿ ಶಾಲೆಯಲ್ಲಿ ಮೆರೆಯಬೇಕೆಂದಿದ್ದೆ.

"ಯಾಕ ಒಲ್ಲೆ ಅಂದಿ ಮಾಮಾ?" ಎಂದೆ.

ಮಾಮಾ ನನ್ನನ್ನು ಹತ್ತಿರ ಕೂಡಿಸಿಕೊಂಡ. "ದೆವ್ವ ಅಂದ್ರ ಯಾರು? ಸತ್ತವರು, ಹೌದಿಲ್ಲೋ? ನಿಮ್ಮವ್ವನೂ ಸತ್ತಾಳ."

ಅವ್ವ ತೀರಿಕೊಂಡ ಮೇಲೆ ಓಣಿಯ ಹುಡುಗರು, "ನಿಮ್ಮವ್ವ ದೆವ್ವ ಆಗ್ಯಾಳ" ಎಂದು ನನ್ನನ್ನು ಅಂಜಿಸಿದ್ದರು. ಅಂದಿನಿಂದ ಅವಳ ಫೋಟೊ ಇದ್ದ ಒಳಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಅದು ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದೆ.

"ಆಕಿ ನನ್ನ ತಂಗಿ," ಎಂದ ಮಾಮಾ. "ಎಂದರ ಒಂದಿನ ನಿನ್ನ ನೋಡಾಕ ಬಂದಳು ಅಂತ ತಿಳಿ. ನೀನs ಅಂಜಿ ಓಡಿಹೋದ್ರ ಆಕಿ ಎಲ್ಲಿ ಹೋಗಬೇಕು?"

ನನಗೆ ಅಳು ಬಂತು. ಆ ಮಧ್ಯಾಹ್ನ ಚಾಪೆ ತೆಗೆದುಕೊಂಡು ಒಳಕೋಣೆಗೆ ಹೋದೆ. ಅವ್ವನ ಫೋಟೊದ ಕೆಳಗೆ ಹಾಸಿಕೊಂಡು, ಅವಳಿಗೂ ಸ್ವಲ್ಪ ಜಾಗ ಬಿಟ್ಟು ಮಲಗಿದೆ.