ಅಣ್ಣ ಕೂತ, ನಾನು ಕೂರಲಿಲ್ಲ

ಒಂದು ಕಡೆ ಕೂರಲಾರದವರು ಚಿತ್ರ ಬರೆಯುವ ಕಸುಬಿಗೆ ಇಳಿಯಬಾರದು. ನಾನು ಇಳಿದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಮನೆಯವರೆಲ್ಲ ಹೇಳುತ್ತಾರೆ; ಅದನ್ನು ಸುಳ್ಳು ಮಾಡಬಾರದೆಂದು ಲಿಸ್ಬನ್ನಿನಲ್ಲಿ ಕೆಲವು ವರ್ಷ, ಪ್ರಾಗ್‌ನಲ್ಲಿ ಕೆಲವು ವರ್ಷ, ನಡುವೆ ನಾರ್ವೆಯ ಮೀನುಗಾರರ ಊರೊಂದರಲ್ಲಿ ಒಂದು ಚಳಿಗಾಲ ಕಳೆದೆ. ವಿಚಿತ್ರವೆಂದರೆ ಅಲ್ಲೆಲ್ಲ ನಾನು ಬರೆದದ್ದು ನಮ್ಮ ಸುಲ್ತಾನ್ ಬತ್ತೇರಿಯ ಮೆಣಸಿನ ಬಳ್ಳಿಗಳನ್ನು. ಆ ಜನ ‘ಅಬ್ಬಾ, ಎಂಥ ಹಸಿರು!’ ಎಂದು ಕಣ್ಣರಳಿಸುತ್ತಿದ್ದರು. ಅದೇ ಹಸಿರಿನ ನಡುವೆ ಬಂದು ನಿಂತರೆ ಕೈಗೆ ಬರುವುದು ಬರೀ ಬೂದು ಬಣ್ಣ.

ಹೋದ ಕೊಯ್ಲಿನ ಹೊತ್ತಿಗೆ ಊರಿಗೆ ಬಂದವಳು ಇನ್ನೇನು ಹೊರಡಬೇಕು, ಅಣ್ಣ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಅಣ್ಣ ಮೈಸೂರಿನಾಚೆ ಹೆಜ್ಜೆಯಿಟ್ಟವನಲ್ಲ. ನಮ್ಮ ಹಿರಿಯರು ಎಂದೋ ಕನ್ನಡ ಸೀಮೆಯಿಂದ ಕಾಡು ದಾಟಿ ಈ ಮಲಯಾಳ ನಾಡಿಗೆ ಬಂದರಲ್ಲ, ಇಡೀ ವಂಶಕ್ಕೆ ಆ ಪ್ರಯಾಣವೇ ಸಾಕು ಎಂದು ನಂಬಿದವನು. ಅತ್ತಿಗೆ ಆಳುಗಳ ಜೊತೆ ತೋಟಕ್ಕೆ ಹೋದರೆ ಅವನನ್ನು ನೋಡಿಕೊಳ್ಳುವವರು ಯಾರು? ನಾನು ಉಳಿದೆ. ಟಿಕೆಟ್ ರದ್ದು ಮಾಡಿದ ತ್ಯಾಗವನ್ನು ಆಗಾಗ ನಿಟ್ಟುಸಿರಿನಲ್ಲಿ ನೆನಪಿಸುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಅಣ್ಣನೇ, “ಹೆಂಗೂ ಕೂತಿದ್ದೀನಿ. ನನ್ನ ಚಿತ್ರನಾದ್ರೂ ಬರಿ” ಎಂದ.

ಅಷ್ಟು ಒಳ್ಳೆಯ ಮಾಡೆಲ್ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಜಗಲಿಯಲ್ಲಿ ಕೂತನೆಂದರೆ ಕಂಬದ ಹಾಗೆ. ಅಲುಗಿದವಳು ನಾನು. ಹುಬ್ಬು ತಿದ್ದಿ ಗೇಟಿನ ತನಕ, ಮೂಗು ಮುಗಿಸಿ ರಸ್ತೆಯ ತನಕ. ಮೈಸೂರು ಬಸ್ಸಿನ ಹಾರ್ನ್ ಕೇಳಿದರೆ ಕುಂಚ ಹಿಡಿದುಕೊಂಡೇ ಓಟ.

“ಮತಿ, ಮತಿ!” ಎಂದು ಅಣ್ಣ ಕೂಗಿದ. ನಮ್ಮ ಮನೆಯಲ್ಲಿ ಸಿಟ್ಟು ಬಂದಾಗ ‘ಸಾಕು’ ಎನ್ನಲು ಮಲಯಾಳವೇ ಆಗಬೇಕು. “ಕಾಲು ಮುರಿದಿರೋದು ನಂಗೋ, ನಿಂಗೋ?”

“ಮುರಿದಿರೋದು ನಿಮ್ದೇ,” ಎಂದರು ಮೆಣಸಿನ ಚೀಲ ಇಳಿಸುತ್ತಿದ್ದ ಅತ್ತಿಗೆ, “ಮುರೀಬೇಕಾಗಿದ್ದಿದ್ದು ಇವಳ್ದು.”

ಅಂತೂ ಚಿತ್ರ ಮುಗಿಯಿತು. ಅಣ್ಣ ಬಹಳ ಹೊತ್ತು ನೋಡಿದ. ಮುಖ ಅವನದೇ, ಪ್ಲಾಸ್ಟರೂ ಅವನದೇ. ಬೆನ್ನ ಹಿಂದೆ ಬಳ್ಳಿಗಳಿರಬೇಕಾದ ಕಡೆ ಮಾತ್ರ ಮಂಜು ಕವಿದ ಸಮುದ್ರ, ಕೆಂಪು ಬಣ್ಣದ ಮರದ ಮನೆಗಳು, ದಡಕ್ಕೆ ಕಟ್ಟಿದ ದೋಣಿ. ಬೈಗುಳಕ್ಕೆ ಬೆನ್ನೊಡ್ಡಿ ನಿಂತೆ.

“ಇದ್ಯಾವೂರು?”

“ನಾರ್ವೆ. ಕೈ ತಾನಾಗೇ ಆ ಕಡೆ ಹೋಯ್ತು, ಅಣ್ಣ.”

ಅವನು ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದ. “ಅಲ್ಲಿ ಕೂತ್ರೆ ಚೆಂದ ಕಾಣ್ತೀನಲ್ಲೇ!”

ತಮಾಷೆ ಎಂದುಕೊಂಡೆ. ಪ್ಲಾಸ್ಟರ್ ಬಿಚ್ಚಿ ಕಾಲು ನೆಟ್ಟಗಾದದ್ದೇ ಅವನು ಪಾಸ್‌ಪೋರ್ಟ್ ಮಾಡಿಸಿದ. ಅತ್ತಿಗೆ ಬತ್ತೇರಿ ಪೇಟೆ ಸುತ್ತಿ ದಪ್ಪ ಸ್ವೆಟರುಗಳನ್ನು ತಂದರು. ನಾನು ಖುಷಿಪಡಬೇಕಿತ್ತು. ಬದಲಿಗೆ, “ಇಬ್ರೂ ಹೊರಟ್ರೆ ಮನೇಲಿ ಯಾರಿರ್ತಾರೆ?” ಎಂದು ಕೇಳಿಬಿಟ್ಟೆ.

“ನೀನಿದ್ದೀಯಲ್ಲ,” ಎಂದ ಅಣ್ಣ.

ಇದ್ದೇನೆ. ಕಾಫಿ ಗಿಡಕ್ಕೆ ನೀರು ಬಿಡಿಸುತ್ತೇನೆ, ಕೋಳಿಗಳನ್ನು ಗೂಡಿಗೆ ಸೇರಿಸುತ್ತೇನೆ. ನಾರ್ವೆಯಿಂದ ಫೋಟೋಗಳು ಬರುತ್ತಲೇ ಇವೆ: ದೋಣಿಯಲ್ಲಿ ಅಣ್ಣ, ಮೀನಿನ ಸಂತೆಯಲ್ಲಿ ಮೂಗು ಮುಚ್ಚಿಕೊಂಡ ಅತ್ತಿಗೆ. ಬರಬೇಕಾದ ದಿನ ಕಳೆದರೂ ಸುದ್ದಿಯಿಲ್ಲ. ನಿನ್ನೆ ಫೋನ್ ಮಾಡಿ ವಿಚಾರಿಸಿದರೆ ಅತ್ತಿಗೆ, “ಇಲ್ಲೇ ಪಕ್ಕದಲ್ಲಿ ಇನ್ನೊಂದು ದೇಶ ಇದೆಯಂತೆ, ನೋಡ್ಕೊಂಡು ಬರ್ತೀವಿ ಕಣೇ” ಎಂದರು.

ಸಿಟ್ಟಿನಲ್ಲಿ ಫೋನಿಟ್ಟೆ. ನೀವೇ ಹೇಳಿ, ಹೀಗೆ ಊರೂರು ಅಲೆಯುವವರಿಗೆ ಮನೆಯಲ್ಲಿ ಕಾದು ಕೂತವರ ಮೇಲೆ ಒಂದಿಷ್ಟಾದರೂ ಕನಿಕರ ಬೇಡವೇ?